ತಪ್ಪು ನಿಮ್ದಲ್ಲ, ಮಿಷನ್‌ದು

ಬೆಳಗಿನ ಆರು ಗಂಟೆ. ವಿಮಾ ಕಚೇರಿಯ ಎರಡನೇ ಮಹಡಿಗೆ ಇನ್ನೂ ಯಾರೂ ಬಂದಿಲ್ಲ. ಕಿಟಕಿ ಪಕ್ಕದ ಮೇಜಿನ ಅಡಿಯಿಂದ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿವೆ. ಒಂದು ಕಾಲುಚೀಲದ ಹಿಮ್ಮಡಿ ತೂತಾಗಿದೆ. ಬೆನ್ನಡಿಗೆ ಬಿಡಿಸಿ ಹಾಸಿಕೊಂಡ ರಟ್ಟಿನ ಪೆಟ್ಟಿಗೆ. ಸಣ್ಣ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುವುದರಿಂದ ಮೇಜಿನಡಿಯ ಮಾತೆಲ್ಲ ಮೂಗಿನಲ್ಲಿ ಬರುತ್ತಿದೆ.

"ಆ ಡಬ್ಬಿಯ ದೀಪ ನೋಡ್ತಾ ಇರಿ ಮೇಡಂ. ನಾನು ಒಂದೊಂದೇ ವೈರ್ ಕೀಳ್ತಾ ಹೋಗ್ತೀನಿ. ಅವುಗಳ ಕುಣಿತ ನಿಂತ ಕೂಡ್ಲೇ ಕೂಗಿ."

ಡಬ್ಬಿ ಎಂದರೆ ಆ ಮಹಡಿಯ ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ, ದಪ್ಪ ಪುಸ್ತಕದಷ್ಟಿರುವ ಪೆಟ್ಟಿಗೆ. ಅದರ ಹಸಿರು ದೀಪಗಳು ಸಾಮಾನ್ಯವಾಗಿ ಒಂದೊಂದಾಗಿ, ತಮ್ಮಷ್ಟಕ್ಕೆ ಮಿಟುಕುತ್ತವೆಯಂತೆ. ಇವತ್ತು ಎಲ್ಲವೂ ಒಟ್ಟಿಗೆ, ಹುಚ್ಚು ಹಿಡಿದಂತೆ ಹೊಡೆದುಕೊಳ್ಳುತ್ತಿವೆ. ನಿನ್ನೆ ಸಂಜೆಯಿಂದ ಇಡೀ ಕಟ್ಟಡದ ನೆಟ್‌ವರ್ಕ್ ತೆವಳುತ್ತಿದೆ. ಕೆಳಗಿನ ಕೌಂಟರಿನಲ್ಲಿ ಕಾದಿದ್ದವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿದ್ದಾರೆ. ಆ ನಾಳೆ ಈಗ ಬಂದಿದೆ. ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಲೇಬೇಕು.

ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ಕಣ್ಣು ಮಿಟುಕಿಸಲೂ ಹೆದರಿ ನೋಡುತ್ತಿದ್ದೇನೆ. ಥಟ್ಟನೆ ಕುಣಿತ ನಿಲ್ಲುತ್ತದೆ. ಕೂಗುತ್ತೇನೆ. ಮೇಜಿನಡಿಯಿಂದ ದೊಡ್ಡದೊಂದು ನಿಟ್ಟುಸಿರು.

ಹೊರಬಂದವರ ಕೈಯಲ್ಲಿ ಒಂದು ಗಿಡ್ಡ ವೈರು. ಅದರ ಎರಡೂ ತುದಿ ಅದೇ ಡಬ್ಬಿಯಲ್ಲಿ ಸಿಕ್ಕಿಕೊಂಡಿತ್ತು. "ಅತ್ತ ಕಡೆಯಿಂದ ಹೊರಟ ಮಾತು ಇತ್ತ ಕಡೆಯಿಂದ ವಾಪಸ್ ಬರುತ್ತೆ. ಮತ್ತೆ ಹೊರಡುತ್ತೆ, ಮತ್ತೆ ಬರುತ್ತೆ. ಮದುವೆ ಮನೇಲಿ ಚಾಡಿ ಸುತ್ತಿದ ಹಾಗೆ. ಶುರು ಮಾಡಿದವರು ಊಟ ಮಾಡಿ ಮನೆಗೆ ಹೋಗಿರ್ತಾರೆ, ಚಾಡಿ ಮಾತ್ರ ಸುತ್ತುತ್ತಾನೇ ಇರುತ್ತೆ. ಬೇರೆ ಮಾತಿಗೆ ಜಾಗವೇ ಇಲ್ಲ."

ಅಷ್ಟರಲ್ಲಿ ಬಕೆಟ್ಟು ಹಿಡಿದು ಬಂದ ನೆಲ ಒರೆಸುವ ಹೆಂಗಸು ಆ ವೈರನ್ನು ನೋಡಿ ನಿಲ್ಲುತ್ತಾರೆ. "ಅಯ್ಯೋ, ಅದನ್ನ ನಾನೇ ಸಿಕ್ಕಿಸಿದ್ದು ಕಣಣ್ಣ. ನಿನ್ನೆ ಸಂಜೆ ಒರೆಸುವಾಗ ಒಂದು ತುದಿ ನೇತಾಡ್ತಾ ಇತ್ತು. ಪಕ್ಕದಲ್ಲೇ ತೂತು ಖಾಲಿ ಇತ್ತಲ್ಲ. ಏನಾದ್ರೂ ಆಯ್ತಾ?"

"ಏನಿಲ್ಲಕ್ಕ. ಡಬ್ಬಿ ಹಳೇದು, ತಲೆ ಕೆಟ್ಟಿದೆ."

"ಹಂಗಂತೀಯಾ? ನೋಡಿದ್ರೇ ಗೊತ್ತಾಗುತ್ತೆ ಬಿಡು, ಅದರ ಮುಖದಲ್ಲೇ ಕಳೆ ಇಲ್ಲ." ಡಬ್ಬಿಯನ್ನು ಒಮ್ಮೆ ತಾತ್ಸಾರದಿಂದ ನೋಡಿ ಅವರು ಮುಂದೆ ಹೋಗುತ್ತಾರೆ.

ಇವರನ್ನು ಈ ಕಟ್ಟಡದಲ್ಲಿ ಎಲ್ಲರೂ ಕರೆಯುವುದು ವೈರಣ್ಣ ಎಂದು. ಕಂಪ್ಯೂಟರ್ ಕೆಟ್ಟರೆ, ನೆಟ್ ಬಾರದಿದ್ದರೆ, ಪ್ರಿಂಟರ್ ಕಾಗದ ನುಂಗಿದರೆ ಬರುವವರು ಇವರು. ವಯಸ್ಸು ಐವತ್ತು ದಾಟಿದೆ. ಈ ಕಸುಬಿನಲ್ಲಿ ಇರುವವರೆಲ್ಲ ಮೇಜಿನಡಿ ಹಾವಿನಂತೆ ಹರಿದು ಹೋಗಬಲ್ಲ ಚಿಕ್ಕ ವಯಸ್ಸಿನವರು. ಇವರು ಮಂಡಿಯೂರುವ ಮುನ್ನ ಮೇಜಿನ ಅಂಚು ಹಿಡಿದು ಒಂದು ಕ್ಷಣ ಯೋಚಿಸುತ್ತಾರೆ. ಏಳುವಾಗ ಇನ್ನೂ ಹೆಚ್ಚು ಯೋಚಿಸುತ್ತಾರೆ. ಸಂಬಳ ಕೊಡುವುದು ವಿಮಾ ಕಚೇರಿಯಲ್ಲ, ಒಂದು ಗುತ್ತಿಗೆ ಕಂಪನಿ. ಕೂರಲು ಮೆಟ್ಟಿಲ ಕೆಳಗೆ ಒಂದು ಗೂಡು. ಅಲ್ಲಿ ತಲೆ ಎತ್ತಿ ನಿಲ್ಲಲು ಬರುವುದು ಬಾಗಿಲ ಹತ್ತಿರ ಮಾತ್ರ. ಸತ್ತ ಕೀಬೋರ್ಡುಗಳು, ಹೊಟ್ಟೆ ಬಗೆದ ಪ್ರಿಂಟರುಗಳು, ಒಂದು ಕುರ್ಚಿ, ಒಂದು ಕಂಪ್ಯೂಟರು, ಒಂದು ಫೋನು. ಮೇಲೆ ಯಾರಾದರೂ ಹತ್ತಿ ಇಳಿದರೆ ಆ ಸದ್ದು ನೆತ್ತಿಯ ಮೇಲೆ ನಡೆದಂತೆ ಕೇಳಿಸುತ್ತದೆ.

ಆ ಫೋನು ದಿನಕ್ಕೆ ಇಪ್ಪತ್ತೋ ಇಪ್ಪತ್ತೈದೋ ಸಲ ಬಡಿದುಕೊಳ್ಳುತ್ತದೆ. ಬಾಗಿಲು ತೆರೆಯುವ ಮುನ್ನವೇ ಇವತ್ತಿನ ಮೊದಲನೆಯದು ಬರುತ್ತದೆ. ಯಾರೋ ಹೆಂಗಸಿನ ಸಿಟ್ಟಿನ ದನಿ: ಪರದೆ ಕಪ್ಪಾಗಿದೆ, ಏನು ಮಾಡಿದರೂ ಬರುತ್ತಿಲ್ಲ.

"ಮೇಡಂ, ಪರದೆಯ ಹಿಂದೆ, ವೈರ್ ಹೋಗೋ ಕಡೆ ಒಂದು ಸಣ್ಣ ದೀಪ ಇರುತ್ತೆ. ಹಸಿರೋ ಹಳದಿಯೋ ಸ್ವಲ್ಪ ನೋಡಿ ಹೇಳ್ತೀರಾ?"

ಆ ಕಡೆ ಕುರ್ಚಿ ಸರಿದ ಸದ್ದು. ಉಸಿರಿನ ಸದ್ದು. ಆಮೇಲೆ, "ಹಾಂ, ಬಂತು ಬಂತು. ತಾನಾಗೇ ಬಂತು."

"ಒಂದೊಂದ್ಸಲ ಹಾಗಾಗುತ್ತೆ ಮೇಡಂ. ಆ ಪರದೆಗಳೇ ಹಾಗೆ."

ಫೋನಿಟ್ಟ ವೈರಣ್ಣ ನನ್ನ ಮುಖ ನೋಡುತ್ತಾರೆ. "ಅಲ್ಲಿ ಯಾವ ದೀಪವೂ ಇಲ್ಲ. ವೈರ್ ಕಳಚಿತ್ತು, ಅಷ್ಟೆ. 'ವೈರ್ ಹಾಕಿದೀರಾ' ಅಂತ ಕೇಳಿ ನೋಡಿ, 'ನಾನೇನು ದಡ್ಡಿನಾ' ಅಂತಾರೆ. ನೋಡದೇನೇ 'ಹಾಕಿದೀನಿ' ಅಂತಾರೆ. ಆಮೇಲೆ ನಾನು ಮೂರು ಮಹಡಿ ಹತ್ತಬೇಕು. ದೀಪ ಹುಡುಕೋಕೆ ಬಗ್ಗಿದ್ರೆ ಕಳಚಿದ ವೈರ್ ತಾನೇ ಕಾಣುತ್ತೆ."

ಇದು ದೊಡ್ಡ ಮನಸ್ಸೋ, ಕಸುಬಿನ ಜಾಣತನವೋ ಎಂದು ಕೇಳಿದರೆ ಅವರು ಮಂಡಿ ತೋರಿಸುತ್ತಾರೆ. "ಇದರ ಸಲುವಾಗಿ. ನಾಚಿಕೆ ಆದವರು ಮುಂದಿನ ಸಲ ಮುಚ್ಚಿಡ್ತಾರೆ. ಟೀ ಚೆಲ್ಲಿದ್ರೆ ಒರೆಸಿ ಸುಮ್ನೆ ಕೂರ್ತಾರೆ. ಮುಚ್ಚಿಟ್ಟ ತಪ್ಪು ಹುಡುಕೋದ್ರಲ್ಲಿ ನನ್ನ ಸೊಂಟ ಮುರಿಯುತ್ತೆ. ಮಿಷನ್ ಮೇಲೆ ಹಾಕಿದ್ರೆ ಯಾರಿಗೂ ನೋವಿಲ್ಲ. ಅದಕ್ಕೇನು, ಹೆಂಡತಿ ಮಕ್ಕಳಿದಾರಾ?"

ಆದರೆ ಅದನ್ನು ಬರೆದೂ ಇಡಬೇಕು. ಪ್ರತಿ ದೂರು ಮುಗಿದಾಗ ಪರದೆ ಕಾರಣ ಕೇಳುತ್ತದೆ. ಎರಡೇ ಆಯ್ಕೆ: ಯಂತ್ರದ ದೋಷ, ಬಳಸುವವರ ತಪ್ಪು. ಕೆಲಸಕ್ಕೆ ಸೇರಿದ ದಿನದಿಂದ ವೈರಣ್ಣನ ಬೆರಳು ಮೊದಲನೆಯದನ್ನೇ ಒತ್ತಿದೆ. ಬಾಯಲ್ಲಿ ಹೇಳಿದ್ದೇ ಬರಹದಲ್ಲೂ ಇರಲಿ ಎಂದು.

ಈ ತಿಂಗಳು ಅವರ ಗುತ್ತಿಗೆ ಮುಗಿಯುತ್ತಿದೆ. ಕಳೆದ ವಾರ ಕಚೇರಿಯ ವ್ಯವಸ್ಥಾಪಕಿ ಅವರನ್ನು ಕರೆಸಿ ಕೇಳಿದ್ದು ನೇರ ಪ್ರಶ್ನೆ. ಬೇರೆ ಶಾಖೆಗಳಲ್ಲಿ ಅರ್ಧಕ್ಕರ್ಧ ದೂರು ಬಳಸುವವರ ತಪ್ಪಿನಿಂದ ಬರುತ್ತದೆ. ಇಲ್ಲಿ ಎಲ್ಲವೂ ಯಂತ್ರದ ದೋಷ. ಹಾಗಾದರೆ ಯಂತ್ರಗಳನ್ನು ನೀವು ಹೇಗೆ ನೋಡಿಕೊಳ್ಳುತ್ತಿದ್ದೀರಿ? ಗುತ್ತಿಗೆ ಕಂಪನಿಯವರಂತೂ ಇನ್ನೂ ಸುಲಭದ ದಾರಿ ಹುಡುಕಿದ್ದಾರೆ. ಆಳು ಬೇಡ, ಒಂದು ಫೋನ್ ನಂಬರ್ ಸಾಕು, ಬೇರೆಲ್ಲೋ ಕೂತವರು ಉತ್ತರ ಹೇಳುತ್ತಾರೆ.

ವೈರಣ್ಣ ಆಗ ನಿಜ ಹೇಳಿದರಂತೆ. ವ್ಯವಸ್ಥಾಪಕಿ ನಂಬಲಿಲ್ಲ, ಹಾಗೆಂದು ತಳ್ಳಿಹಾಕಲೂ ಇಲ್ಲ. ಮೂರು ಜನ ಬಂದು 'ತಪ್ಪು ನನ್ನದಾಗಿತ್ತು' ಎಂದು ಹೇಳಲಿ, ಗುತ್ತಿಗೆ ಒಂದು ವರ್ಷ ಮುಂದುವರಿಸುತ್ತೇನೆ ಎಂದರು. ಆ ಸಭೆ ಇವತ್ತು ಮಧ್ಯಾಹ್ನ.

ಮೊನ್ನೆ ಸಂಜೆ ಅವರ ಮನೆಯಲ್ಲಿ ಇದೇ ಮಾತು ನಡೆದಿತ್ತು. ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಕಿಟಕಿಯ ಬೆಳಕಿನಲ್ಲಿ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಮಗಳು ಒಳಗೆ ಓದುತ್ತಿದ್ದಳು. ಅವಳಿಗೆ ಕಾಲೇಜಿನ ಕೊನೆಯ ವರ್ಷ. ಗೋಡೆಯ ಗಡಿಯಾರ ನಿಂತು ಎಷ್ಟು ದಿನವಾಯಿತೋ, ಅದರ ಮೇಲೆ ಧೂಳು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಹೆಂಡತಿ ಗಡಿಯಾರದ ಕಡೆ ಗದ್ದ ತೋರಿಸಿದರು. "ಒಂದು ಬ್ಯಾಟರಿ ಹಾಕೋಕೆ ಪುರುಸೊತ್ತಿಲ್ಲ. ಇನ್ನೊಂದು ಕೇಳಿ. ಮದುವೆಯಾದಾಗಿಂದ ಒಂದು ದಿನ 'ನಿನ್ನ ತಪ್ಪು' ಅಂದವರಲ್ಲ ಇವರು. ಇಸ್ತ್ರಿ ಪೆಟ್ಟಿಗೆ ಸುಟ್ಟಾಗ್ಲೂ 'ಅದು ಹಳೇದಾಗಿತ್ತು ಬಿಡು' ಅಂದ್ರು. ನಾನೂ ಎಲ್ಲರ ಹತ್ರ ನನ್ನ ಗಂಡನಂಥ ಗಂಡ ಇಲ್ಲ ಅಂತ ಹೇಳ್ಕೊಂಡು ತಿರುಗಿದೆ. ಈಗ ನೋಡಿದ್ರೆ ಆಫೀಸಲ್ಲಿ ಎಲ್ಲರಿಗೂ ಹಾಗೇ ಹೇಳ್ತಾರಂತೆ!" ನಕ್ಕರು. ಮರುಕ್ಷಣ ದನಿ ಇಳಿಯಿತು. "ಮೂರು ಜನ ತಾನೇ. ಹೋಗಿ ಕೇಳ್ರೀ. ಬಾಯಿ ಬಿಟ್ಟು ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ."

ಹಾಗಾಗಿ ಹನ್ನೊಂದು ಗಂಟೆಗೆ ನಾವು ಮೊದಲನೇ ಮಹಡಿ ಹತ್ತುತ್ತೇವೆ. ಲೆಕ್ಕಪತ್ರ ವಿಭಾಗದ ಹಿರಿಯ ಗುಮಾಸ್ತರು ಕನ್ನಡಕ ಮೇಲೇರಿಸಿ ಸ್ವಾಗತಿಸುತ್ತಾರೆ. ಅವರ ಪ್ರಿಂಟರಿನ ಹೊಟ್ಟೆಯಿಂದ ವೈರಣ್ಣ ಕಾಗದಕ್ಕೆ ಹಾಕುವ ಕ್ಲಿಪ್ಪುಗಳನ್ನು ಎಷ್ಟು ಸಲ ಹೆಕ್ಕಿದ್ದಾರೋ ಲೆಕ್ಕವಿಲ್ಲ.

"ಸಾರ್, ಆ ಪ್ರಿಂಟರ್‌ನ ಕ್ಲಿಪ್ ವಿಷಯ... ಮೇಡಂ ಹತ್ರ ಒಂದು ಮಾತು..."

"ಯಾವ ಕ್ಲಿಪ್ಪಯ್ಯ? ಪ್ರಿಂಟರ್ ಹಲ್ಲು ಸವೆದಿದೆ ಅಂತ ನೀನೇ ಹೇಳಿದ್ಯಲ್ಲ."

"ಹೇಳಿದ್ದೆ ಸಾರ್. ಆದ್ರೆ ನಿಜಕ್ಕೂ..."

"ಯೋಚನೆ ಮಾಡ್ಬೇಡ. ಮೇಡಂಗೆ ನಾನು ಆಗಲೇ ಹೇಳಿಬಿಟ್ಟಿದೀನಿ. ಮನುಷ್ಯ ಬಂಗಾರ, ಮಿಷನ್‌ಗಳು ಮಾತ್ರ ದರಿದ್ರ ಅಂತ. ಪ್ರತಿ ವಾರ ಕೆಡ್ತವೆ ಅಂತ ಒತ್ತಿ ಒತ್ತಿ ಹೇಳಿದೀನಿ." ಬೆನ್ನು ತಟ್ಟಿ ಕಳಿಸುತ್ತಾರೆ.

ಸಹಾಯ ಮಾಡಿದ ಸಂತೋಷ ಅವರ ಮುಖದಲ್ಲಿ ಎದ್ದು ಕಾಣುತ್ತದೆ. ಮೆಟ್ಟಿಲ ಮೇಲೆ ವೈರಣ್ಣ ಕಂಬಿ ಹಿಡಿದು ನಿಲ್ಲುತ್ತಾರೆ. ಆಮೇಲೆ, "ಅವರು ಸುಳ್ಳು ಹೇಳ್ತಿಲ್ಲ ಮೇಡಂ. ನಂಬಿಬಿಟ್ಟಿದಾರೆ. ನಾನೇ ನಂಬಿಸಿದ್ದು."

ಎರಡನೇ ಮಹಡಿಯಲ್ಲಿ ಪರಿಹಾರ ಅರ್ಜಿ ನೋಡುವ ಹುಡುಗಿಯರ ಸಾಲು. "ವೈರಣ್ಣ, ನಿಮ್ಮ ಡಬ್ಬಿಗೆ ಮುಪ್ಪು ಬಂತಂತೆ? ಒಂದು ಕೋಲು ಕೊಡ್ಸಿ ಪಾಪ!" ಎಂದು ಒಬ್ಬಾಕೆ ಕೂಗುತ್ತಾಳೆ. ಉಳಿದವರು ನಗುತ್ತಾರೆ. ತುದಿಯ ಮೇಜಿನಲ್ಲಿರುವವಳು ಹೊಸಬಳು, ಕೆಲಸ ಇನ್ನೂ ಕಾಯಂ ಆಗಿಲ್ಲ. ದೊಡ್ಡಕ್ಷರದ ಗುಂಡಿ ಒತ್ತಿಟ್ಟುಕೊಂಡೇ ಪಾಸ್‌ವರ್ಡ್ ಹೊಡೆದು ಹೊಡೆದು ಆಕೆ ಮೂರ್ನಾಲ್ಕು ಸಲ ತನ್ನ ಖಾತೆಗೇ ಬೀಗ ಹಾಕಿಕೊಂಡಿದ್ದಾಳೆ. ವೈರಣ್ಣನನ್ನು ಕಂಡದ್ದೇ ಅವಳು ಎದ್ದು ನಿಲ್ಲುತ್ತಾಳೆ.

"ಅಂಕಲ್, ಕೀಬೋರ್ಡ್ ಬದಲಾಯಿಸೋಕೆ ಬಂದ್ರಾ? ಅದು ಹಠ ಮಾಡುತ್ತೆ ಅಂದಿದ್ರಿ."

ವೈರಣ್ಣ ಬಾಯಿ ತೆರೆಯುತ್ತಾರೆ. ಅವಳ ಕೊರಳಲ್ಲಿ ನೇತಾಡುವ 'ತಾತ್ಕಾಲಿಕ' ಎಂಬ ಬಿಲ್ಲೆಯನ್ನು ನೋಡುತ್ತಾರೆ. "ನೋಡೋಣಮ್ಮ, ಹೊಸದು ಬರಲಿ," ಎಂದು ಹೇಳಿ ಹಿಂತಿರುಗುತ್ತಾರೆ.

ಇನ್ನೊಬ್ಬರನ್ನು ಕೇಳಬಹುದಲ್ಲ ಎನ್ನುತ್ತೇನೆ. ನನ್ನ ದನಿಯಲ್ಲಿ ಅವಸರವಿತ್ತೇನೋ, ಅವರು ಸಮಾಧಾನ ಮಾಡುವವರಂತೆ ಹೇಳುತ್ತಾರೆ: "ಬೇಡ ಬಿಡಿ ಮೇಡಂ. ಮಂಡಿ ನೋಯ್ತಿದೆ."

ಮಧ್ಯಾಹ್ನದ ಸಭೆಗೆ ಹೊರಗಿನವರಿಗೆ ಪ್ರವೇಶವಿಲ್ಲ. ನಾನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಅವರ ಕುರ್ಚಿಯ ತುದಿಯಲ್ಲಿ ಕೂತು ಕಾಯುತ್ತೇನೆ. ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಗುತ್ತದೆ. ನೆತ್ತಿಯ ಮೇಲೆ ಹೆಜ್ಜೆಗಳು ಹತ್ತುತ್ತವೆ, ಇಳಿಯುತ್ತವೆ. ಕೊನೆಗೆ ಒಂದು ಹೆಜ್ಜೆ ನಿಧಾನವಾಗಿ, ಪ್ರತಿ ಮೆಟ್ಟಿಲಿಗೂ ನಿಂತು ನಿಂತು ಇಳಿಯುತ್ತದೆ. ಯಾರದೆಂದು ನೋಡಬೇಕಾಗಿಲ್ಲ.

ನಡೆದದ್ದನ್ನು ಅವರು ಹಳೆಯ ಪ್ರಿಂಟರಿನ ಮೇಲೆ ಕೂತು ಹೇಳುತ್ತಾರೆ. ಒಳಗೆ ಗುತ್ತಿಗೆ ಕಂಪನಿಯ ಇಬ್ಬರಿದ್ದರು. ಮೂರು ಜನ ಎಲ್ಲಿ ಎಂದು ವ್ಯವಸ್ಥಾಪಕಿ ಕೇಳಿದರು. ಯಾರೂ ಇಲ್ಲ ಎಂದಾಯಿತು. ಆಗ ಆಕೆ ದೂರುಗಳ ಸಾಲಿನ ಮೇಲೆ ಕಣ್ಣಾಡಿಸಿ, ತನ್ನ ಹೆಸರಿನ ಮುಂದೆ ನಿಂತರಂತೆ.

"'ನನ್ನ ಲ್ಯಾಪ್‌ಟಾಪೂ ಇದರಲ್ಲಿದೆ. ಚಾರ್ಜ್ ಆಗ್ತಿರಲಿಲ್ಲ. ಅದು ಬ್ಯಾಟರಿ ದೋಷ ಅಂದಿದ್ರಿ. ಬೇರೆಯವರದು ಬಿಡಿ, ನನ್ನದೊಂದು ಹೇಳಿ. ಅದೂ ನನ್ನ ತಪ್ಪೇ ಆಗಿತ್ತಾ?' ಅಂತ ಕೇಳಿದ್ರು."

"ಆಗಿತ್ತಾ?"

"ಗೋಡೆಯ ಸ್ವಿಚ್ ಹಾಕಿರ್ಲಿಲ್ಲ."

"ನೀವೇನು ಹೇಳಿದಿರಿ?"

ವೈರಣ್ಣ ಮುಖ ಒರೆಸಿಕೊಳ್ಳುತ್ತಾರೆ. ಬೆಳಗಿನ ಧೂಳು ಇನ್ನೂ ಹುಬ್ಬಿನ ಮೇಲಿದೆ. "ಆ ಇಬ್ಬರು ಎದುರಿಗೇ ಕೂತಿದ್ರು ಮೇಡಂ. ಆಯಮ್ಮನ ಮುಖ ನೋಡಿದೆ. 'ಬ್ಯಾಟರಿದೇ' ಅಂದ್ಬಿಟ್ಟೆ. ಬೇಕು ಅಂತ ಅಲ್ಲ. ಬಾಯಿಗೆ ಅಭ್ಯಾಸ ಆಗಿಹೋಗಿದೆ, ತಾನೇ ಬಂತು."

ಒಂದು ವರ್ಷ ಸಿಗಲಿಲ್ಲ. ವ್ಯವಸ್ಥಾಪಕಿ ಆರು ತಿಂಗಳಿಗೆ ಸಹಿ ಮಾಡಿದರಂತೆ, ಅದೂ ಒಂದು ಷರತ್ತಿನೊಡನೆ. ಬರುವ ತಿಂಗಳಿನಿಂದ ಪ್ರತಿ ದೂರಿಗೂ ನಿಜವಾದ ಕಾರಣವನ್ನೇ ಹಾಕಬೇಕು. ಬ್ಯಾಟರಿಯ ಮಾತು ಸುಳ್ಳೆಂದು ಆಕೆಗೆ ಅರ್ಥವಾಯಿತೋ ಇಲ್ಲವೋ ಎಂದು ವೈರಣ್ಣನಿಗೆ ಗೊತ್ತಿಲ್ಲ. ತಿಳಿದುಕೊಳ್ಳುವಷ್ಟು ತ್ರಾಣ ಈಗ ಉಳಿದಂತೆಯೂ ಕಾಣುವುದಿಲ್ಲ. "ಆರು ತಿಂಗಳಲ್ಲಿ ಮಗಳ ಪರೀಕ್ಷೆ ಮುಗಿಯುತ್ತೆ. ಅಲ್ಲಿಗೆ ಒಂದು ದಡ. ಆಮೇಲಿಂದು ಆಮೇಲೆ."

ಪರದೆಯ ಮೇಲೆ ಬೆಳಗಿನ ದೂರು ಇನ್ನೂ ತೆರೆದೇ ಇದೆ. ಅವರು ಕುರ್ಚಿಗೆ ಸರಿದು ಕಾರಣದ ಜಾಗಕ್ಕೆ ಬರುತ್ತಾರೆ. ನೆಲ ಒರೆಸುವ ಆ ಹೆಂಗಸೂ ಗುತ್ತಿಗೆಯವರೇ. ಬೆರಳು ಒಂದು ಕ್ಷಣ ನಿಲ್ಲುತ್ತದೆ. "ಹೊಸ ನಿಯಮ ಬರೋ ತಿಂಗಳಿಂದ ತಾನೇ," ಎಂದು ತಮಗೆ ತಾವೇ ಹೇಳಿಕೊಂಡು ಒತ್ತುತ್ತಾರೆ. ಯಂತ್ರದ ದೋಷ. ನಾಳೆ ಬೆಳಿಗ್ಗೆ ಬೇಗ ಬಂದು ಎಲ್ಲ ಡಬ್ಬಿಗಳ ಖಾಲಿ ತೂತುಗಳಿಗೂ ಟೇಪು ಅಂಟಿಸಬೇಕಂತೆ. ಮತ್ತೆ ಮೇಜಿನಡಿ ನುಗ್ಗಬೇಕು.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಸಂಬಳ, ಒಳ್ಳೆಯ ಕೋಣೆ ಎಂದೇನಾದರೂ ಹೇಳುತ್ತಾರೆಂದುಕೊಂಡಿದ್ದೆ. ಅವರು ಪರದೆ ನೋಡುತ್ತಲೇ, "ಇಲ್ಲಿ ಎರಡೇ ಸಾಲು ಕೊಟ್ಟಿದಾರೆ ನೋಡಿ. ಕೆಳಗೆ ಮೂರನೇದು ಒಂದು ಇರ್ಬೇಕಿತ್ತು. 'ಆಗುತ್ತೆ, ಬಿಡಿ' ಅಂತ," ಎನ್ನುತ್ತಾರೆ.

ಹೊರಡುವ ಮುನ್ನ, ದಿನವಿಡೀ ನನ್ನನ್ನು ಕೊರೆಯುತ್ತಿದ್ದ ಮಾತನ್ನು ಕೇಳಿಯೇ ಬಿಡುತ್ತೇನೆ. ಕ್ಲಿಪ್ಪು, ಪಾಸ್‌ವರ್ಡು, ಗೋಡೆಯ ಸ್ವಿಚ್ಚು, ಇದನ್ನೆಲ್ಲ ನಾನು ಬರೆದರೆ, ಅದನ್ನು ಇಲ್ಲಿಯವರು ಓದಿದರೆ?

ವೈರಣ್ಣ ಇವತ್ತು ಮೊದಲ ಸಲ ಹಲ್ಲು ಕಾಣುವಂತೆ ನಗುತ್ತಾರೆ.

"ಧಾರಾಳವಾಗಿ ಬರೀರಿ ಮೇಡಂ. ಎಲ್ಲರೂ ಓದ್ತಾರೆ. ಪಕ್ಕದ ಟೇಬಲ್‌ನವರ ಬಗ್ಗೆ ಅಂದ್ಕೋತಾರೆ."