ಮಾದೇಶನಿಗೆ ಒಂದು ಕಲರ್

ಬಾಟಲಿಯ ಮುಚ್ಚಳ ಕಿತ್ತಾಗ ಬರುವ ಚುಸ್ಸೆಂಬ ಸದ್ದು ನಿಮಗೆ ಇಷ್ಟವಿರಬಹುದು. ನನಗಿಲ್ಲ. ಹೋದ ತಿಂಗಳು ಮಗಳು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲೊಂದು ಹಳೆಯ ಉಗಿಬಂಡಿಯನ್ನು ದುರಸ್ತಿ ಮಾಡಿ, ಕಪ್ಪು ಬಣ್ಣ ಬಳಿದು, ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣಿನಲ್ಲಿ ತಿಕ್ಕಿದ ಹಾಗೆ ಹೊಳೆಯಿಸಿ, ಜನರನ್ನು ಕೂರಿಸಿಕೊಂಡು ಒಂದಷ್ಟು ದೂರ ಓಡಿಸುತ್ತಾರೆ. ಪಕ್ಕದಲ್ಲೇ ಅಂಗಡಿ. ಅಲ್ಲಿ ಪನ್ನೀರು, ಜಿಂಜರ್, ಕಿತ್ತಳೆ ಕಲರ್. ಈಗಿನವರಿಗೆ ಬಿಡಿಸಿ ಹೇಳಬೇಕೇನೋ: ಒಂದೊಂದು ಪೇಟೆಯಲ್ಲೂ ಒಬ್ಬೊಬ್ಬರು ತಮ್ಮದೇ ಹದದಲ್ಲಿ ತುಂಬುತ್ತಿದ್ದ ಬಣ್ಣದ ಸಿಹಿ ಸೋಡಾಕ್ಕೆ ನಾವು ಕಲರ್ ಎನ್ನುತ್ತಿದ್ದೆವು. ನನ್ನ ವಯಸ್ಸಿನವರೆಲ್ಲ ಕಣ್ಣು ತೇವ ಮಾಡಿಕೊಂಡು ಕುಡಿಯುತ್ತಿದ್ದರು. ಮಗಳು ನನಗೂ ಒಂದು ತಂದಳು. ಗ್ಯಾಸ್ಟ್ರಿಕ್ ಎಂದೆ. ಈ ವಯಸ್ಸಿನಲ್ಲಿ ಆ ನೆಪ ಎಲ್ಲಿಯೂ ನಡೆಯುತ್ತದೆ.

ಕೊಳ್ಳೇಗಾಲಕ್ಕೆ ರೈಲು ಬರುತ್ತದೆಂದು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಅಲ್ಲೇ ಟೀಚರಾಗಿ, ರಿಟೈರೂ ಆದೆ. ಅದು ಇನ್ನೂ ಬರುತ್ತಲೇ ಇದೆ. ರೈಲಿನ ಪಾಠ ಬಂದಾಗ ನಾನೇ ಕೂ ಎಂದು ಕೂಗಿ, ಸೆರಗು ಸಿಕ್ಕಿಸಿಕೊಂಡು, ಬೆಂಚುಗಳ ನಡುವೆ ಓಡುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಮೈಸೂರಿನಲ್ಲಿ ನಿಜವಾದ ಎಂಜಿನ್ ಕೂಗಿದಾಗ ಮಾತ್ರ ನಾನು ಮಗಳ ಕೈ ಹಿಡಿದುಕೊಂಡೆ.

ನಾನು ಮೊದಲು ರೈಲು ಹತ್ತಿದ್ದು ಹತ್ತು ವರ್ಷದವಳಿದ್ದಾಗ. ನಮ್ಮದು ಲೊಕ್ಕನಹಳ್ಳಿ. ನಂಜನಗೂಡಿನಲ್ಲಿದ್ದ ಅತ್ತೆಯನ್ನು ನೋಡಿಬರಲು ಅಪ್ಪ ಹೊರಟರು. ನನ್ನನ್ನೂ ನನ್ನ ತಮ್ಮ ಮಾದೇಶನನ್ನೂ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅವನಿಗೆ ಐದು ವರ್ಷ. ಹೊರಡುವ ಹಿಂದಿನ ದಿನ ಅವನಿಗೆ ಜ್ವರ ಬಂತು. ಅವ್ವ ಅವನನ್ನು ಬಿಡಲಿಲ್ಲ. ಕೊಳ್ಳೇಗಾಲ, ಯಳಂದೂರು ದಾಟಿ ಚಾಮರಾಜನಗರದವರೆಗೆ ಬಸ್ಸು, ಅಲ್ಲಿಂದ ರೈಲು. ಕಿಟಕಿಯಿಂದ ಇಣುಕಿ ಕಣ್ಣಿಗೆ ಕಲ್ಲಿದ್ದಲ ಪುಡಿ ಬಿದ್ದು ಅತ್ತುಬಿಟ್ಟೆ. ಸಮಾಧಾನಕ್ಕೆಂದು ಅಪ್ಪ ಸ್ಟೇಷನ್ನಿನಲ್ಲಿ ಒಂದು ಕಿತ್ತಳೆ ಕಲರ್ ಕೊಡಿಸಿದರು. ಬಾಟಲಿ ಬೇಕೇ ಬೇಕೆಂದು ಹಟ ಹಿಡಿದೆ. ಅಂಗಡಿಯವನು ಗೊಣಗಿಕೊಂಡೇ ಕೊಟ್ಟ.

ಊರಿಗೆ ಬಂದ ಮೇಲೆ ನನ್ನ ಬಾಯಿಗೆ ತಡೆ ಇರಲಿಲ್ಲ. ಮಾದೇಶನ ಚಾಪೆಯ ಪಕ್ಕ ಕೂತು ರೈಲು, ಹೊಗೆ, ಕಲರ್ ಎಲ್ಲ ವರ್ಣಿಸಿದೆ. ಅದು ಮೊದಲು ಮೂಗು ಉರಿಸುತ್ತದೆ, ಮೂಗು ಹಿಡಿದುಕೊಂಡು ಗಟಗಟ ಕುಡಿಯಬೇಕು, ಆಮೇಲೆ ನೋಡು ಸಿಹಿ ಎಂದೆ. ಅವನು ಅಳತೊಡಗಿದ. ಅಳು ನಿಲ್ಲಿಸಲು, ಸ್ವಲ್ಪ ಆಟವಾಡಿಸಲೂ, ಒಂದು ಸುಳ್ಳು ಹೇಳಿದೆ. ಅವನಿಗೂ ಒಂದು ಕಲರ್ ತಂದಿದ್ದೇನೆ, ಬಚ್ಚಿಟ್ಟಿದ್ದೇನೆ, ಜ್ವರ ಬಿಟ್ಟ ಮೇಲೆ ಕೊಡುತ್ತೇನೆ ಎಂದು. ಬಚ್ಚಿಟ್ಟಿದ್ದು ಖಾಲಿ ಬಾಟಲಿ, ಕೊಟ್ಟಿಗೆಯಲ್ಲಿ, ಬಿದಿರಿನ ಮಂಕರಿಯ ಹಿಂದೆ.

ಆ ಕಾಲದಲ್ಲಿ ಹೊಲಕ್ಕೆ ಹೊಡೆಯುವ ಔಷಧಿಯನ್ನು ಒಬ್ಬರು ಡಬ್ಬದಲ್ಲಿ ತಂದರೆ ನಾಲ್ಕು ಮನೆಯವರು ಹಂಚಿಕೊಳ್ಳುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಬಾಟಲಿ ತೆಗೆದುಕೊಂಡು ಹೋಗಿ ಹುಯ್ಯಿಸಿಕೊಂಡು ಬರಬೇಕು. ಎಣ್ಣೆಯದೋ, ಕಷಾಯದ್ದೋ, ಕೈಗೆ ಸಿಕ್ಕಿದ ಬಾಟಲಿ. ಅಪ್ಪನ ಕೈಗೆ ಸಿಕ್ಕಿದ್ದು ಮಂಕರಿಯ ಹಿಂದಿನದು. ತುಂಬಿಸಿಕೊಂಡು ಬಂದು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿಟ್ಟರು. ಅದರ ಬಣ್ಣವೂ ಹೆಚ್ಚುಕಡಿಮೆ ಕಿತ್ತಳೆಯೇ.

ಮಾದೇಶನಿಗೆ ಜ್ವರ ಬಿಟ್ಟಿತು. ನಾನು ಶಾಲೆಯಲ್ಲಿದ್ದೆ. ಯಾರದೋ ಲಾರಿ ನಿಲ್ಲಿಸಿ ಅಪ್ಪ, ಅವ್ವ ಅವನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಎತ್ತಿಕೊಂಡು ಹೋದರಂತೆ. ಮಧುವನಹಳ್ಳಿ ದಾಟುವಷ್ಟರಲ್ಲಿ ಮುಗಿದಿತ್ತು.

ಎಲ್ಲರೂ ಅಪ್ಪನನ್ನು ದೂರಿದರು. ಮಕ್ಕಳಿರುವ ಮನೆಯಲ್ಲಿ ಕೈಗೆಟುಕುವ ಗೂಡಿನಲ್ಲಿ ಇಡುತ್ತಾರೆಯೇ ಎಂದರು ಸೋದರಮಾವಂದಿರು. ಆಮೇಲೆ ಅಪ್ಪನಿಗೊಂದು ಅಭ್ಯಾಸ ಅಂಟಿತು. ಯಾರ ಮನೆಗೆ ಹೋದರೂ ಮೊದಲು ಗೂಡುಗಳಲ್ಲಿ ಕಣ್ಣಾಡಿಸಿ, ಬಾಟಲಿ ಕಂಡರೆ ಅಟ್ಟಕ್ಕೆ ಎತ್ತಿಡುವುದು. ಹರಳೆಣ್ಣೆಯನ್ನೂ ಬಿಡುತ್ತಿರಲಿಲ್ಲ. ನೆಂಟರು ಹಿಂದಿನಿಂದ ನಗುತ್ತಿದ್ದರು. ನನ್ನ ಮದುವೆಯ ಮಾತುಕತೆಗೆ ಬಂದವರ ಮುಂದೆಯೂ, ಮಗನನ್ನು ಕೊಂದವನು ನಾನು, ಮೊದಲೇ ತಿಳಿದಿರಲಿ ಎಂದುಬಿಟ್ಟರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಲ್ಲಲ್ಲ, ನಾನು ಎನ್ನಬಹುದಿತ್ತು. ಹೇಡಿತನ ಎಂದರೆ ಅದೇ. ಮಕ್ಕಳಿಗೆ ನಿಜ ಹೇಳಬೇಕೆಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುವುದು ನನ್ನ ಕಸುಬಾಯಿತು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರಿಗೆ ಹೇಳಲೇ ಇಲ್ಲ.

ಮೈಸೂರಿನಲ್ಲಿ ನಾನು ಬೇಡವೆಂದ ಕಲರನ್ನು ಮಗಳು ತಾನೇ ಕುಡಿದು, ಖಾಲಿ ಬಾಟಲಿಯನ್ನು ಜತೆಗೇ ತಂದಿದ್ದಳು. ಚೆನ್ನಾಗಿದೆಯೆಂದು ತೊಳೆದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿಟ್ಟು, ತನ್ನ ಮನೆಗೆ ಹೋದಳು. ಅವ್ವ ನನ್ನ ಜತೆಯಲ್ಲೇ ಇದ್ದಾಳೆ, ಎಂಬತ್ತು ಆಗುತ್ತಾ ಬಂತು. ಬೆಳಿಗ್ಗೆ ಕಾಫಿಗೆ ಬಂದವಳು ಅದನ್ನು ನೋಡಿದಳು. ಕೈಗೆ ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಹೊಡೆದಳು. ಒಂದೇ ಏಟಿಗೆ ಒಡೆಯಲಿಲ್ಲ. ಮತ್ತೆ ಹೊಡೆದಳು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಸುಳ್ಳು ಹೇಳಿದ್ದು, ಮೂಗು ಹಿಡಿದುಕೊಳ್ಳಲು ಕಲಿಸಿದ್ದು. ಅವ್ವ ಗಾಜಿನ ಚೂರುಗಳನ್ನು ಪೊರಕೆಯಿಂದ ಒಂದು ಕಡೆಗೆ ಎಳೆಯುತ್ತಲೇ ಇದ್ದಳು.

"ಗೊತ್ತು ಕಣಮ್ಮಿ," ಎಂದಳು. "ಲಾರೀಲಿ ಅವನೇ ಅಂದ. ಅಕ್ಕ ಏಳ್ದಂಗೇ ಮೂಗಿಡ್ಕಂಡು ಕುಡ್ದಿ ಕಣವ್ವ, ಸಿಹಿನೇ ಬರ್ನಿಲ್ಲ, ಅಂತ."

ಅಪ್ಪ ಆಗ ಲಾರಿಯಲ್ಲಿ ಮುಂದೆ ಡ್ರೈವರ್ ಪಕ್ಕ ಕೂತಿದ್ದರಂತೆ. ಅವರಿಗೆ ಕೇಳಿಸಿರಲಿಲ್ಲ. ಆಮೇಲಾದರೂ ಹೇಳಿದೆಯಾ ಎಂದು ಕೇಳಿದೆ. ಅವ್ವ ಸೊಂಟ ನೆಟ್ಟಗೆ ಮಾಡಿಕೊಂಡು ನನ್ನನ್ನೇ ನೋಡಿದಳು.

"ಏಳ್ನಿಲ್ಲ. ತಪ್ಪ ಯಾರಾದ್ರೂ ಒಬ್ರು ಒತ್ಕಬೇಕಿತ್ತು. ಅವ್ರು ತಡ್ಕತಿದ್ರು. ನೀನು ತಡ್ಕತಿರ್ನಿಲ್ಲ."

ಮತ್ತೆ ಬಗ್ಗಿ ಗುಡಿಸಿದಳು. ಅಪ್ಪ ಕೊನೆಯ ದಿನಗಳಲ್ಲಿ ಮಲಗಿದ್ದಲ್ಲೇ ಮೇಲಿನ ಗೂಡಿನ ಕಡೆ ಕೈ ತೋರಿಸುತ್ತಿದ್ದರು. ನಾವಿಬ್ಬರೂ ಅವರ ಎರಡು ಪಕ್ಕ ಕೂತಿರುತ್ತಿದ್ದೆವು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದನ್ನು ಬಲ್ಲವರು ಇಬ್ಬರೂ ಅಲ್ಲೇ ಇದ್ದೆವು. ಇಷ್ಟು ವರ್ಷ ನನ್ನೊಬ್ಬಳದೇ ಎಂದುಕೊಂಡಿದ್ದ ಪಾಪದಲ್ಲಿ ಪಾಲುಗಾರಳು ಸಿಕ್ಕರೆ ಹಗುರಾಗಬೇಕಲ್ಲವೇ? ಆಗಲಿಲ್ಲ. ಅವ್ವನನ್ನು ಬೈಯುವ ಹಾಗೂ ಇಲ್ಲ, ಕೈ ಮುಗಿಯುವ ಹಾಗೂ ಇಲ್ಲ.

ಮೊನ್ನೆ ಅಮಾವಾಸ್ಯೆ. ಅಪ್ಪನ ಫೋಟೋಗೆ ಹೂ ಮುಡಿಸುವುದು ಯಾವಾಗಲೂ ಅವ್ವನ ಕೆಲಸ. ಈ ಸಲ ಹೂವನ್ನು ನನ್ನ ಕೈಗೆ ಕೊಟ್ಟು ಸರಿದು ನಿಂತಳು. ನಾನು ಫೋಟೋದವರೆಗೆ ಹೋಗಿ, ತಿರುಗಿ ಬಂದು, ಅವಳ ಕೈಗೇ ಇಟ್ಟೆ. ಅವಳೂ ಮುಡಿಸಲಿಲ್ಲ. ಹೂವು ತಟ್ಟೆಯಲ್ಲೇ ಉಳಿಯಿತು.