ಹಡಗು ಹತ್ತಿದ ಗುಬ್ಬಿಯ ಪಂಚೆ

ಗುಬ್ಬಿಯ ಮೋಟಾರು ಅಂಗಡಿ ರುದ್ರಯ್ಯನವರ ಪಂಚೆ ಎಷ್ಟು ಬಿಳುಪೆಂದರೆ, ಅವರು ಕೆರೆ ಏರಿಯ ಮೇಲೆ ನಡೆದುಹೋದ ದಿನ ಕೊಕ್ಕರೆಗಳು ನಾಚಿಕೊಂಡು ನೀರಿಗಿಳಿದು ಇನ್ನೊಮ್ಮೆ ಮೈ ತೊಳೆದುಕೊಳ್ಳುತ್ತವೆ. ಅದಕ್ಕೆ ಬೀಳುವ ಗಂಜಿಯೂ ಅಂಥದ್ದೇ. ಒಂದು ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದಾಗ ಪಂಚೆ ತಾನೊಂದೇ ಗೋಡೆಗೊರಗಿ ನಿಂತಿತ್ತು. ಕರೆಂಟಿನ ಬಿಲ್ಲು ಕೊಡಲು ಬಂದವನು ಅದಕ್ಕೆ ನಮಸ್ಕಾರ ಹಾಕಿ, ಬಿಲ್ಲನ್ನು ಅದರ ಸೊಂಟಕ್ಕೆ ಸಿಕ್ಕಿಸಿ ಹೋದ. ನಂಬದವರು ಗಂಜಿ ಹಾಕುವ ಸರ್ವಮಂಗಳಮ್ಮನವರನ್ನೇ ಕೇಳಬಹುದು. ಅವರು ರುದ್ರಯ್ಯನವರ ಹೆಂಡತಿ. ನಾನು ಒಂದು ಹೇಳಿದರೆ ಅವರು ಮೂರು ಹೇಳುತ್ತಾರೆ.

ರುದ್ರಯ್ಯನವರಿಗೆ ಅರವತ್ತು ದಾಟಿದೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೈಮೇಲೆ ಬಿಳಿ ಶರ್ಟು, ಹೆಗಲಿಗೊಂದು ಶಲ್ಯ. ಹೆಬ್ಬೂರಿನಿಂದ ಊರ್ಡಿಗೆರೆಯವರೆಗೆ ಯಾವ ತೆಂಗಿನ ತೋಟದಲ್ಲಿ ಬೋರ್‌ವೆಲ್ ಮೋಟಾರು ಕೆಮ್ಮಿದರೂ ಅದು ಗುಬ್ಬಿಯ ಅಂಗಡಿಯಲ್ಲಿ ಕೂತವರಿಗೆ ಕೇಳಿಸುತ್ತದೆ ಎಂಬ ಪ್ರತೀತಿಯಿದೆ. ಮೆಕ್ಯಾನಿಕ್ಕನ್ನು ಕಳಿಸಿ ತಾವು ಫ್ಯಾನಿನ ಕೆಳಗೆ ಕೂರುವ ಪೈಕಿಯಲ್ಲ ಅವರು. ಪಂಚೆ ಎತ್ತಿ ಕಟ್ಟಿ, ಕೆಸರಿಗಿಳಿದು, ಪೈಪಿಗೆ ಕೈ ಹಚ್ಚುತ್ತಾರೆ. ಆದರೂ ಪಂಚೆಗೆ ಒಂದು ಹನಿ ಕೆಸರು ತಾಗುವುದಿಲ್ಲ. ಕೆಸರಿಗೂ ಸ್ವಲ್ಪ ಭಯವಿದೆ.

ಆ ಪಂಚೆಗೆ ಮೂರು ಎತ್ತರಗಳುಂಟು. ಕೆಲಸಕ್ಕೆ ಮೊಣಕಾಲಿನವರೆಗೆ. ಜಗಳಕ್ಕೆ ಅದಕ್ಕಿಂತ ಒಂದು ಗೇಣು ಮೇಲೆ. ಹಿರಿಯರು, ಹೆಣ್ಣುಮಕ್ಕಳು, ಮಠದವರು, ಅಥವಾ ಮರ್ಯಾದೆಯಿಂದ ಮಾತಾಡಿಸುವ ಯಾರೇ ಎದುರಾದರೂ ಅದು ಸರ್ರನೆ ಪಾದದವರೆಗೆ ಇಳಿಯುತ್ತದೆ. ನಮ್ಮ ಕಡೆಯವರಿಗೆಲ್ಲ ಇದು ಹೇಳಿಕೊಡದೆ ಬಂದ ಪಾಠ. ರಸ್ತೆಯ ಆಚೆ ಕಾಫಿ ಕುಡಿಯುತ್ತಾ ನಿಂತವರು ಪಂಚೆಯ ಎತ್ತರ ನೋಡಿಯೇ ಅಂಗಡಿಯೊಳಗೆ ಏನು ನಡೆಯುತ್ತಿದೆಯೆಂದು ಹೇಳಿಬಿಡುತ್ತಾರೆ.

ಇಂಥ ಪಂಚೆಯನ್ನು ರುದ್ರಯ್ಯ ಒಂದೇ ಒಂದು ಸಲ ಬಿಚ್ಚಿಟ್ಟದ್ದುಂಟು. ನೆಂಟರ ಮನೆಯ ನಿಶ್ಚಿತಾರ್ಥವೊಂದು ಬೆಂಗಳೂರಿನ ಯಾವುದೋ ಕ್ಲಬ್ಬಿನಲ್ಲಿತ್ತು. ಬಾಗಿಲಲ್ಲಿದ್ದವನು, ಪಂಚೆಯವರನ್ನು ಒಳಗೆ ಬಿಡುವುದಿಲ್ಲ ಎಂದ. ಹೆಣ್ಣಿನ ಕಡೆಯವರಿಗೆ ಮುಜುಗರವಾಗಬಾರದೆಂದು ಇವರು ಕಾರಿನ ಹಿಂದೆ ನಿಂತು ಡ್ರೈವರಿನ ಪ್ಯಾಂಟು ಹಾಕಿಕೊಂಡು ಒಳಗೆ ಹೋದರು. ಡ್ರೈವರು ಪಂಚೆ ಸುತ್ತಿಕೊಂಡು ಕಾರಿನಲ್ಲಿ ಕೂತ. ಹೋಳಿಗೆ ಬಡಿಸಿದರು, ತುಪ್ಪ ಸುರಿದರು. ಅವತ್ತು ತಿಂದದ್ದು ಹೋಳಿಗೆಯೋ ರಟ್ಟೋ ಎಂದು ರುದ್ರಯ್ಯನವರಿಗೆ ಇಂದಿಗೂ ಗೊತ್ತಿಲ್ಲ. ವಾಪಸ್ಸು ಬರುವಾಗ ಹೆಂಡತಿಗೆ ಹೇಳಿದ್ದು ಇಷ್ಟೇ: "ಇನ್ಮೇಲೆ ಯಾವ ಬಾಗ್ಲಲ್ಲೂ ಬಿಚ್ಚಲ್ಲ ಕಣೇ. ಸ್ವರ್ಗದ ಬಾಗ್ಲಾದ್ರೂ ಸರಿ. ಬೇಡ ಅಂದ್ರೆ ವಾಪಸ್ ಬತ್ತೀನಿ."

ಹೀಗಿರುವಾಗ ಮೋಟಾರು ಕಂಪನಿಯವರು ಡೀಲರುಗಳನ್ನೆಲ್ಲ ಮುಂಬೈಯಿಂದ ಹಡಗಿನಲ್ಲಿ ಕ್ರೂಸಿಗೆ, ಅಂದರೆ ಸಮುದ್ರ ವಿಹಾರಕ್ಕೆ ಕರೆದೊಯ್ಯುವುದೆಂದಾಯಿತು. ಇಡೀ ಜಿಲ್ಲೆಯಲ್ಲಿ ಅತಿ ಹೆಚ್ಚು ಮೋಟಾರು ಮಾರಿದ ರುದ್ರಯ್ಯನವರಿಗೆ ಹಡಗಿನ ಸ್ಟೇಜಿನ ಮೇಲೆ, ಎಂ.ಡಿ.ಯವರ ಕೈಯಿಂದ ಶೀಲ್ಡು. ಅದೂ ಫಾರ್ಮಲ್ ನೈಟ್ ಎಂಬ ದಿನ, ಎಲ್ಲರೂ ಭರ್ಜರಿ ಬಟ್ಟೆ ತೊಟ್ಟು ಊಟಕ್ಕೆ ಕೂರುವ ರಾತ್ರಿ. ಗುಬ್ಬಿಯಲ್ಲಿ ಈ ಸುದ್ದಿ ಹೇಗೆ ಹಬ್ಬಿತೆಂದರೆ, ಮಧ್ಯಾಹ್ನದ ಹೊತ್ತಿಗೆ ಸರ್ಕಾರವೇ ರುದ್ರಯ್ಯನವರಿಗೆ ಒಂದು ಹಡಗು ಬರೆದುಕೊಟ್ಟಿದೆ ಎಂದಾಗಿತ್ತು.

ಸಂಜೆಗೆ ಕಂಪನಿಯ ತುಮಕೂರು ಆಫೀಸರು ಅಂಜನ್‌ಕುಮಾರ್ ಡೀಲರುಗಳ ವಾಟ್ಸಾಪಿಗೆ ಒಂದು ಮೆಸೇಜು ಹಾಕಿದರು. ಫಾರ್ಮಲ್ ನೈಟಿಗೆ ಗಂಡಸರು ಕಡ್ಡಾಯವಾಗಿ ಸೂಟು, ಟೈ, ಬೂಟು. ಪಂಚೆ, ಲುಂಗಿ, ಚಪ್ಪಲಿ ನಡೆಯುವುದಿಲ್ಲ. ಸ್ಟೇಜಿಗೆ ಬರುವವರು ವಿಶೇಷವಾಗಿ ಗಮನಿಸಬೇಕು.

ರುದ್ರಯ್ಯ ಅಂಗಡಿಯಲ್ಲೇ ಪಂಚೆಯನ್ನು ಜಗಳದ ಎತ್ತರಕ್ಕೆ ಕಟ್ಟಿ, ಆಮೇಲೆ ಫೋನು ಮಾಡಿದರು.

"ಅಂಜನಪ್ಪಾ, ಹೆಂಗಸ್ರಿಗೆ ಏನು ಡ್ರೆಸ್ಸು?"

"ಸೀರೆ ಸಾಕು ಸಾರ್. ರೇಷ್ಮೆ ಸೀರೆ ಆದ್ರೆ ಫಸ್ಟ್ ಕ್ಲಾಸು."

"ಸೀರೆ ಆಯ್ತದೆ, ಪಂಚೆ ಆಗಲ್ವಾ? ಎರಡೂ ಹೊಲಿಗೆ ಇಲ್ದಿರೋ ಬಟ್ಟೇನೆ ತಾನೆ?"

"ಸಾರ್, ಎಂ.ಡಿ. ಬಾಂಬೆಯೋರು. ನಮ್ ಡಿಸ್ಟ್ರಿಕ್ಟ್ ಬಗ್ಗೆ ಏನಂದ್ಕೋತಾರೆ ಹೇಳಿ? ಒಂದು ರಾತ್ರಿ ಸಾರ್. ಅಡ್ಜಸ್ಟ್ ಮಾಡ್ಕೊಳಿ."

"ನಾನು ಬತ್ತೀನಿ. ನನ್ ಜೊತೆ ಪಂಚೇನೂ ಬತ್ತದೆ. ನಿಮ್ ಎಂ.ಡಿ. ಏನಂದ್ಕೋತಾರೋ ಅದನ್ನ ಅವ್ರೇ ಅಂದ್ಕೊಳ್ಲಿ, ನೀನ್ಯಾಕೆ ಮೊದ್ಲೇ ಅಂದ್ಕೋತೀಯ?"

ಕುಣಿಗಲ್ಲಿನ ಡೀಲರು ಲಕ್ಷ್ಮೀಕಾಂತ್ ರುದ್ರಯ್ಯನವರ ಸ್ನೇಹಿತ. ಮಾರಾಟದಲ್ಲಿ ಎರಡನೆಯ ಸ್ಥಾನ, ಹೊಟ್ಟೆಯ ಸುತ್ತಳತೆಯಲ್ಲಿ ಮೊದಲನೆಯದು. ಅವರು ಬಲವಂತ ಮಾಡಿ ಗೆಳೆಯನನ್ನು ತುಮಕೂರಿಗೆ, ಮದುವೆ ಗಂಡುಗಳಿಗೆ ಸೂಟು ಬಾಡಿಗೆ ಕೊಡುವ ಅಂಗಡಿಗೆ ಎಳೆದೊಯ್ದರು. ತಮಗೊಂದು ನೀಲಿ ಸೂಟು ಆರಿಸಿಕೊಂಡರು. ಅದು ಎಷ್ಟು ಬಿಗಿಯಿತ್ತೆಂದರೆ, ಅವರು ಪೂರ್ತಿ ಉಸಿರೆಳೆದಿದ್ದರೆ ಗುಂಡಿ ಸಿಡಿದು ಕ್ಯಾತ್ಸಂದ್ರದಲ್ಲಿ ಹೋಗಿ ಬೀಳುತ್ತಿತ್ತು.

"ಚೆನ್ನಾಗ್ ಕಾಣ್ತೀನಾ ರುದ್ರಣ್ಣ?"

"ದಿಂಬಿನ ಕವರು ಚಿಕ್ಕದಾಯ್ತು ಕಣೋ."

ಅಂಗಡಿಯವರು ರುದ್ರಯ್ಯನವರ ಕೊರಳಿಗೂ ಟೈ ಹಾಕಲು ಬಂದರು. ಅವರ ಬೆರಳು ಶರ್ಟಿನೊಳಗಿನ ಕರಡಿಗೆಗೆ ತಾಗಿತು. ರುದ್ರಯ್ಯ ಎರಡು ಹೆಜ್ಜೆ ಹಿಂದೆ ಸರಿದರು. "ಸ್ವಾಮಿ, ಈ ಕೊರಳಿಗೆ ಒಂದು ದಾರ ಐತೆ. ಅದ್ರಲ್ಲಿ ಶಿವ ಅವ್ನೆ. ಅವ್ನ್ ಮುಂದೆ ಇನ್ನೊಂದನ್ನ ನೇತಾಕಿ ಮರೆ ಮಾಡ್ಬೇಕಾ? ನೀವು ತಪ್ಪು ತಿಳ್ಕೋಬ್ಯಾಡಿ, ಟೈ ಚೆನ್ನಾಗೈತೆ. ಯಾರಾದ್ರೂ ಮದ್ವೆ ಗಂಡಿಗೆ ಹಾಕಿ, ಪಾಪ ಅವ್ನಿಗೆ ಹೆಂಗಿದ್ರೂ ಅಭ್ಯಾಸ ಆಗ್ಬೇಕು."

ಬೂಟಿನ ಸುದ್ದಿಗೆ ಯಾರೂ ಹೋಗಲಿಲ್ಲ.

ಹಡಗಿನ ಮೇಲೆ ಮೊದಲ ಸಂಜೆ ರುದ್ರಯ್ಯ ಡೆಕ್ಕಿಗೆ ಹೋಗಿ ನಿಂತರು. ಅರಬ್ಬಿ ಸಮುದ್ರದ ಗಾಳಿ ಪಂಚೆಯೊಳಗೆ ಹೊಕ್ಕು ಅದನ್ನು ಹಾಯಿಯ ಹಾಗೆ ಉಬ್ಬಿಸಿತು. ಹಡಗು ಆ ರಾತ್ರಿ ಹೇಳಿದ ಹೊತ್ತಿಗಿಂತ ಎಷ್ಟೋ ಮೊದಲೇ ಗೋವಾ ಕಡೆ ತಲುಪಿಬಿಟ್ಟಿತೆಂದೂ, ಕ್ಯಾಪ್ಟನ್ನು ಇಂಜಿನ್ ಆಫ್ ಮಾಡಿ ಮಲಗಿದನೆಂದೂ ಸರ್ವಮಂಗಳಮ್ಮ ಹೇಳುತ್ತಾರೆ. ಅವರು ಗಂಡನ ಬೆನ್ನ ಹಿಂದೆ ಸೇಫ್ಟಿ ಪಿನ್ನುಗಳನ್ನು ಹಿಡಿದುಕೊಂಡು ಓಡಾಡುತ್ತಿದ್ದದ್ದಂತೂ ನಿಜ.

ಮರುದಿನ ಫಾರ್ಮಲ್ ನೈಟ್. ರೂಮಿನಲ್ಲಿಟ್ಟಿದ್ದ ಹಡಗಿನವರ ಚೀಟಿಯನ್ನು ಲಕ್ಷ್ಮೀಕಾಂತ್ ಓದಿ ಹೇಳಿದರು: ಗಂಡಸರಿಗೆ ಸೂಟು, ಇಲ್ಲವೇ ತಮ್ಮ ತಮ್ಮ ನಾಡಿನ ಉಡುಪು.

"ನೋಡ್ದೇನೋ ಕಾಂತ, ಹಡಗಿಗೆ ಅಡ್ಡಿ ಇಲ್ಲ! ಇರೋದೆಲ್ಲ ಅಂಜನಪ್ಪನ ಹೊಟ್ಟೇಲಿ."

ಸರ್ವಮಂಗಳಮ್ಮ ಕೆಂಪು ಅಂಚಿನ ಬಿಳಿ ರೇಷ್ಮೆ ಪಂಚೆ ತೆಗೆದುಕೊಟ್ಟರು. ತಾವು ಮೈಸೂರು ರೇಷ್ಮೆ ಸೀರೆ ಉಟ್ಟರು. ಇಬ್ಬರೂ ಊಟದ ಹಾಲಿನ ಮುಂದೆ ಬಂದರೆ, ಕಪ್ಪು ಸೂಟಿನಲ್ಲಿ ಅಂಜನ್‌ಕುಮಾರ್ ಬಾಗಿಲಿಗೆ ಅಡ್ಡ ನಿಂತಿದ್ದರು. ಮುಖ ಬೆವರಿತ್ತು.

"ಸಾರ್, ಹಡಗಿನೋರು ಬಿಟ್ರೂ ಕಂಪನಿ ಬಿಡಲ್ಲ. ನನ್ ರೂಮಲ್ಲಿ ಎಕ್ಸ್‌ಟ್ರಾ ಪ್ಯಾಂಟಿದೆ. ಕಾಲಿಗೆ ಬೀಳ್ತೀನಿ."

ಪಂಚೆ ಸರ್ರನೆ ಮೇಲೇರಿತು. ಬಾಗಿಲಲ್ಲಿದ್ದ ಹಡಗಿನ ಅಧಿಕಾರಿ ರುದ್ರಯ್ಯನವರ ಬರಿ ಮೊಣಕಾಲು ನೋಡಿ, ಪಂಚೆ ಇಳಿಸಿದರೆ ಒಳಗೆ ಬಿಡಬಹುದು ಎಂದು ಹಿಂದಿಯಲ್ಲಿ ಹೇಳಿದ. ಅಂಜನ್ ಅದನ್ನು ಕನ್ನಡದಲ್ಲಿ ಹೇಳಿದರು.

"ಹೆಂಗ್ ಇಳಿಸ್ಲಿ? ನೀನು ಬೇಡ ಅಂತ ಎದ್ರಿಗೆ ನಿಂತಿದೀಯಾ. ಇಳಿಸಿದ್ರೆ ಒಪ್ಕೊಂಡ್ರು ಅಂತ ಆಗಲ್ವೇ? ಅವ್ನು ಒಳಗೆ ಕರೀಲಿ, ಇಳಿಸ್ತೀನಿ."

"ಇಳಿಸಿದ್ರೆ ಕರೀತಾನೆ ಸಾರ್!"

"ಕರೆದ್ರೆ ಇಳಿಸ್ತೀನಪ್ಪಾ!"

ಹಿಂದೆ ಊಟಕ್ಕೆ ಬಂದವರ ಸಾಲು ಬೆಳೆಯಿತು. ಅದು ಹಡಗಿನ ಮೂರು ಮಹಡಿ ದಾಟಿ, ಕಡೆಯವರು ಸಮುದ್ರಕ್ಕೆ ಕಾಲಿಡಬೇಕು ಅನ್ನುವಷ್ಟಾಗಿತ್ತು. ಸರ್ವಮಂಗಳಮ್ಮ ಗಂಡನ ಪಕ್ಕ ಬಂದು ನಿಂತು, ಅಧಿಕಾರಿಗೆ ತಮ್ಮ ಸೀರೆಯ ಸೆರಗು ತೋರಿಸಿದರು. ಪಂಚೆಯ ಅಂಚು ತೋರಿಸಿದರು. ಎರಡೂ ಒಂದೇ ಅಲ್ಲವೇ ಎನ್ನುವಂತೆ ಎರಡು ಬೆರಳು ಜೋಡಿಸಿದರು. ಅವನಿಗೆ ಏನನ್ನಿಸಿತೋ, ನಕ್ಕು, ಎರಡೂ ಕೈ ಜೋಡಿಸಿ "ನಮಸ್ತೆ ಸಾರ್, ಆಯಿಯೇ" ಎಂದ.

ಪಂಚೆ ತಕ್ಷಣ ಪಾದ ಮುಟ್ಟಿತು. ಗಂಡ ಹೆಂಡತಿ ಒಳಗೆ ಹೋಗಿ ಕೂತರು.

ಆದರೆ ಅಂಜನ್‌ಕುಮಾರ್ ಸೋಲೊಪ್ಪುವವರಲ್ಲ. ಮೈಕಿನವರ ಕಿವಿಯಲ್ಲಿ ಏನೋ ಹೇಳಿ ಬಂದರು. ಶೀಲ್ಡಿನ ಹೊತ್ತು ಬಂತು. ತುಮಕೂರು ಜಿಲ್ಲೆಯ ಮೊದಲ ಬಹುಮಾನ ಗುಬ್ಬಿಯ ರುದ್ರಯ್ಯನವರಿಗೆ, ಅವರ ಪರವಾಗಿ ಕುಣಿಗಲ್ಲಿನ ಲಕ್ಷ್ಮೀಕಾಂತ್ ಸ್ವೀಕರಿಸುತ್ತಾರೆ ಎಂದು ಮೈಕು ಕೂಗಿತು.

ಲಕ್ಷ್ಮೀಕಾಂತ್ ಕೂತಲ್ಲೇ ಬಿಳಿಚಿಕೊಂಡರು. "ನಂಗೊತ್ತಿಲ್ಲ ಕಣ್ ರುದ್ರಣ್ಣ! ದೇವ್ರಾಣೆ. ನಾನ್ ಎದ್ರೆ ಪ್ಯಾಂಟ್ ಹರಿಯುತ್ತೆ, ಏಳಲ್ಲ."

"ನೀನು ಉಣ್ಣೋ ಕಾಂತ," ಎಂದು ರುದ್ರಯ್ಯ ಎದ್ದರು.

ಆ ಹಾಲಿನಲ್ಲಿ ದೇಶದ ಮೂಲೆಮೂಲೆಯ ಡೀಲರುಗಳು, ಎಲ್ಲರೂ ಕಪ್ಪು, ನೀಲಿ, ಬೂದಿ ಸೂಟು. ಅವರ ನಡುವೆ ಒಬ್ಬ ಮನುಷ್ಯ, ಪಂಚೆಯನ್ನು ಮೊಣಕಾಲಿಗಿಂತ ಒಂದು ಗೇಣು ಮೇಲಕ್ಕೆ ಕಟ್ಟಿ, ನೇರ ಸ್ಟೇಜಿನತ್ತ ನಡೆದ. ತಟ್ಟೆಗೆ ಚಮಚ ತಾಗುವ ಸದ್ದು ನಿಂತಿತು. ಮೇಲೆ ಉರಿಯುತ್ತಿದ್ದ ಗಾಜಿನ ದೀಪಗಳು ಪಂಚೆಯ ಬಿಳುಪಿಗೆ ಮಂಕಾದವು. ಮೆಟ್ಟಿಲಲ್ಲಿ ಅಂಜನ್ ಅಡ್ಡ ಬಂದರು.

"ಸಾರ್, ನನ್ ಕೆಲ್ಸ ಹೋಗುತ್ತೆ."

ರುದ್ರಯ್ಯ ದನಿ ಏರಿಸಲಿಲ್ಲ. "ನಿನ್ ಕೆಲ್ಸ ಹೋದ್ರೆ ನಮ್ ಅಂಗ್ಡೀಲಿ ಮಾಡು, ಬಾ. ಆದ್ರೆ ಕೇಳು. ಈ ಮೋಟಾರುಗಳ್ನ ಮಾರಿದ್ದು ಈ ಪಂಚೆ. ಕೆಸ್ರಲ್ಲಿ ನಿಂತಿದ್ದು ಈ ಪಂಚೆ. ಮಾರೋವಾಗ ಚೆನ್ನಾಗಿತ್ತು, ಫೋಟೋ ತೆಗ್ಯೋವಾಗ ವಾಸ್ನೆ ಬಂತೇನಪ್ಪಾ? ಒಂದ್ಸಲ ನಾನು ಬಾಗ್ಲಲ್ಲಿ ಬಿಚ್ಚಿದೀನಿ. ಅವತ್ತಿಂದ ಇವತ್ತಿನವರ್ಗೂ ಕೊರೀತಾ ಐತೆ. ನಿನ್ ಶೀಲ್ಡನ್ನ ಸಮುದ್ರಕ್ಕಾದ್ರೂ ಎಸಿ, ಇನ್ನೊಬ್ರು ಕೈಗೆ ಕೊಡ್ಬ್ಯಾಡ. ಇಲ್ಲಾ, ದಾರಿ ಬುಡು."

ಮೇಲಿದ್ದ ಎಂ.ಡಿ. ಇದೇನು ಗಲಾಟೆ ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರು ಹೇಳಿದರು: ಮೊದಲ ಬಹುಮಾನದವರು ಇವರೇ. ಎಂ.ಡಿ. ಪಂಚೆ ನೋಡಿದರು, ಅಂಜನ್‌ಕುಮಾರರನ್ನು ನೋಡಿದರು, ಮತ್ತೆ ಪಂಚೆ ನೋಡಿದರು. ಏನಂದುಕೊಂಡರೋ ಯಾರಿಗೆ ಗೊತ್ತು? ಸ್ಟೇಜಿನ ಅಂಚಿನವರೆಗೆ ತಾವೇ ನಡೆದುಬಂದು ಕೈ ಮುಗಿದರು.

ಅಂಜನ್ ಪಕ್ಕಕ್ಕೆ ಸರಿದರು. ಪಂಚೆ ಇಳಿಯಿತು. ರುದ್ರಯ್ಯ ಮೆಟ್ಟಿಲು ಹತ್ತಿ, ಶಲ್ಯ ಸರಿಮಾಡಿಕೊಂಡು, ಶೀಲ್ಡಿಗೆ ಕೈಯೊಡ್ಡಿದರು. ಚಪ್ಪಾಳೆ ಬಿತ್ತು. ಲಕ್ಷ್ಮೀಕಾಂತ್ ಎದ್ದು ನಿಂತು ಶಿಳ್ಳೆ ಹಾಕಿದರು. ಪ್ಯಾಂಟು ಅವರು ಹೇಳಿದ ಹಾಗೆಯೇ ಹರಿಯಿತು.

ಫೋಟೋದವನು ಮುಂದೆ ಬಂದ. ಅಂಜನ್‌ಕುಮಾರ್ ಅವನ ಹಿಂದೆ ಬಗ್ಗಿ, ಎದೆಯವರೆಗೆ ಮಾತ್ರ ಸಾಕು, ಕಂಪನಿಯ ಪತ್ರಿಕೆಗೆ ಅಷ್ಟೇ ಬೇಕಿರುವುದು ಎಂದು ಪಿಸುಗುಟ್ಟಿದ್ದು ಮುಂದಿನ ಕುರ್ಚಿಯಲ್ಲಿದ್ದ ಸರ್ವಮಂಗಳಮ್ಮನವರಿಗೆ ಕೇಳಿಸಿತು.

"ರೀ! ಅರ್ಧಕ್ಕೇ ತೆಗೀತಾವ್ರೆ ಕಣ್ರೀ! ಪಂಚೆ ಬರಲ್ಲ!" ಎಂದು ಅವರು ಕೂತಲ್ಲಿಂದಲೇ ಕೂಗಿದರು. ಆ ಕೂಗಿಗೆ ದಡದಲ್ಲಿದ್ದ ಮೀನುಗಾರರು ಬಲೆ ಎಳೆದುಕೊಂಡರಂತೆ.

ರುದ್ರಯ್ಯ ಒಂದು ಗಳಿಗೆ ಯೋಚಿಸಿದರು. ಎಡಗೈಯಲ್ಲಿ ಶೀಲ್ಡು ಎದೆಗೆ ಹಿಡಿದರು. ಬಲಗೈಯಿಂದ ಪಂಚೆಯ ಹೊರಚುಂಗನ್ನು ಹಿಡಿದು, ಸಂತೆಗೆ ಹೊರಟವರು ಹಿಡಿದುಕೊಳ್ಳುವ ಹಾಗೆಯೇ ಮೇಲೆತ್ತಿದರು. ಸೊಂಟದಲ್ಲಿ ನಿಲ್ಲಿಸಲಿಲ್ಲ. ಎದೆಯವರೆಗೆ ತಂದು, ಕೆಂಪು ಅಂಚನ್ನು ಶೀಲ್ಡಿನ ಕಂಪನಿ ಹೆಸರಿನ ಪಕ್ಕಕ್ಕೆ ಅಂಟಿಸಿದಂತೆ ಹಿಡಿದರು. ಒಳಸುತ್ತು ಪಾದದವರೆಗೆ ಹಾಗೇ ಇತ್ತು. ಮಾನಕ್ಕೇನೂ ಧಕ್ಕೆಯಿಲ್ಲ. "ಈಗ ತೆಗಿಯಪ್ಪಾ," ಎಂದರು.

ಊರಿಗೆ ಬಂದು ವಾರ ಕಳೆದ ಮೇಲೆ ಅಂಜನ್‌ಕುಮಾರ್ ಫೋನು ಮಾಡಿದರು. ಕೆಲಸ ಹೋಗಿರಲಿಲ್ಲ, ದನಿ ಮಾತ್ರ ಅರ್ಧ ಹೋಗಿತ್ತು.

"ಸಾರ್, ಪತ್ರಿಕೆಗೆ ಫೋಟೋ ಬೇಕು. ಅವತ್ತು ಸ್ಟೇಜಲ್ಲಿ ತೆಗ್ದಿದ್ರಲ್ಲಿ ಪಂಚೆ ಕಟ್ ಮಾಡಕ್ಕೆ ಹೋದ್ರೆ ಕಂಪನಿ ಹೆಸ್ರೂ ಕಟ್ಟಾಗುತ್ತೆ. ನಿಮ್ ಹತ್ರ ಬೇರೆ ಯಾವ್ದಾದ್ರೂ ಇದ್ಯಾ?"

"ಐತಲ್ಲಪ್ಪಾ. ನಮ್ಮನೆಯೋಳು ಮೊಬೈಲಲ್ಲಿ ತೆಗ್ದಿರೋದು. ನಾನು ಸ್ಟೇಜಿಗೆ ನಡ್ಕೊಂಡು ಹೋಗ್ತಿರೋದು, ಮೊಣಕಾಲು ಗಿಣಕಾಲು ಎಲ್ಲಾ ಚೆನ್ನಾಗಿ ಬಿದ್ದೈತೆ. ಕಳಿಸ್ಲಾ?"

"ಬೇಡ ಸಾರ್. ಇದೇ ಇರ್ಲಿ."