ಫೋಟೋದಲ್ಲಿ ಯಮುನಮ್ಮ

ಮುತ್ತಿನಕೊಪ್ಪದ ನಾಗಪ್ಪನಿಂದ ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳನ್ನು ಕಿತ್ತುಕೊಂಡಿತ್ತು, ನಾಲಿಗೆಯನ್ನು ಮಾತ್ರ ಬಿಟ್ಟಿತ್ತು. ಊರಿಗೆ ಕಷ್ಟವಾದದ್ದು ಅದರಿಂದಲೇ. ಬಸರೀಕಟ್ಟೆಯ ಎಸ್ಟೇಟುಗಳಿಗೆ ಜೀಪು ಓಡಿಸುತ್ತಿದ್ದ ಮನುಷ್ಯ ಈಗ ಜಗಲಿಯಲ್ಲಿ ಕೂತು ಫೋನು ಓಡಿಸುತ್ತಾನೆ. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಫೋನು ಅದು. ಅಡಿಕೆ ಧಾರಣೆ, ಸಾವಿನ ಸುದ್ದಿ, ಸರ್ಕಾರದ ಸುತ್ತೋಲೆ ಎಲ್ಲವೂ ಮೊದಲು ಅವನ ಕಿವಿಗೇ ಬೀಳಬೇಕು.

ಹೆಂಡತಿ ಯಮುನಮ್ಮ ತೀರಿಕೊಂಡ ಮೇಲೆ ಅವನು ಫೋನಿನಲ್ಲಿ ತೆರೆಯುತ್ತಿದ್ದುದು ಒಂದು ಜಾಲತಾಣದ ಒಂದೇ ಪುಟ. ಕಣ್ಣಿಲ್ಲದವರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ಮತ ಹಾಕಬಹುದಷ್ಟೆ? ಕಳೆದ ಲೋಕಸಭಾ ಚುನಾವಣೆಯಲ್ಲಿ ಅವಳೇ ಅವನನ್ನು ಮತಗಟ್ಟೆಗೆ ಕರೆದೊಯ್ದಿದ್ದಳು. ಸಾಲಿನಲ್ಲಿ ನಿಂತಿದ್ದಾಗ ಯಾರೋ ಫೋಟೋ ತೆಗೆದರು. ಅದು ಸರ್ಕಾರದ ಜಾಲತಾಣದ ಆ ಪುಟದಲ್ಲಿ ಬಂದಿದೆಯೆಂದು ಪಕ್ಕದ ಮನೆಯ ಮರುಳಸಿದ್ದಪ್ಪ ಹೇಳಿದ. ಅವಳ ಕೊನೆಯ ಫೋಟೋ ಅದು.

ನಾಗಪ್ಪ ಅವಳ ಮುಖ ಕಂಡು ಹತ್ತು ವರ್ಷದ ಮೇಲಾಗಿತ್ತು. ಕೊನೆಗಾಲದಲ್ಲಿ ಅವಳು ಹೇಗಿದ್ದಳೆಂದು ಊರಿಗೆಲ್ಲ ಗೊತ್ತು, ಕಟ್ಟಿಕೊಂಡ ಗಂಡನಿಗೆ ಗೊತ್ತಿಲ್ಲ. ಅದೊಂದನ್ನು ತಿಳಿಯಬೇಕೆಂಬ ಹಂಬಲ ಅವನನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಫೋಟೋ ನೋಡಿ ಹೇಳು ಎಂದರೆ ಮಗಳು ನಿಶ್ಚಿತಾ "ಅಮ್ಮ" ಎಂದಷ್ಟೇ ಹೇಳಿ ಒಳಗೆ ಹೋದಳು. ಮರುಳಸಿದ್ದಪ್ಪ ಸಾಕ್ಷಾತ್ ಲಕ್ಷ್ಮಿಯೇ ಎಂದ. ತನ್ನ ಎಮ್ಮೆ ಮಾರುವಾಗಲೂ ಅವನು ಹೇಳುವುದು ಇದೇ ಮಾತು.

ಫೋನಾದರೂ ಹೇಳೀತೆಂದರೆ ಅದು "ಚಿತ್ರ" ಎಂದು ಮುಂದಕ್ಕೆ ಹೋಗುತ್ತಿತ್ತು. ಕಾಣದವರಿಗಾಗಿ ಪ್ರತಿ ಫೋಟೋದ ಬೆನ್ನಿಗೂ ಅದರಲ್ಲಿ ಏನಿದೆಯೆಂದು ಬರೆದಿಡಬೇಕೆಂಬ ನಿಯಮವಿದೆ. ಆ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಪುಟವನ್ನೇ ಒಪ್ಪುವುದಿಲ್ಲ. ಯಾರೋ ಪುಣ್ಯಾತ್ಮ ಅವಸರದಲ್ಲಿ ಎಲ್ಲ ಫೋಟೋಗಳಿಗೂ "ಚಿತ್ರ" ಎಂದು ತುಂಬಿಸಿ ಕೈತೊಳೆದುಕೊಂಡಿದ್ದ. ಪುಟದ ತಲೆಯಲ್ಲಿ ಮಾತ್ರ "ಎಲ್ಲ ವಯಸ್ಸಿನವರಿಗೂ ಸೂಕ್ತ" ಎಂಬ ದರ್ಜೆ ತಪ್ಪದೆ ಕೂತಿತ್ತು.

ಪುಟದ ಕೊನೆಯಲ್ಲಿದ್ದ ಸಹಾಯವಾಣಿಗೆ ನಾಗಪ್ಪ ಫೋನು ಮಾಡಿದ. ಎತ್ತಿಕೊಂಡವಳು ಗಗನಾ, ಕೊಪ್ಪ ಪೇಟೆಯಲ್ಲಿ ಕೂತು ಆ ಜಾಲತಾಣ ನೋಡಿಕೊಳ್ಳುವ ಗುತ್ತಿಗೆಯ ಹುಡುಗಿ.

"ಎಲ್ಲಾ ವಯಸ್ಸಿನೋರಿಗೂ ಅಂತ ಬರ್ದಿದೀರಲ್ಲ ಮಾರಾಯ್ತಿ, ಕಣ್ಣಿದ್ದೋರಿಗೆ ಮಾತ್ರ ಅಂತ್ಲೂ ಸೇರಿಸ್ಬಿಡಿ" ಎಂದ.

ಆಮೇಲೆ ದನಿ ಇಳಿಸಿ ವಿಷಯ ಹೇಳಿದ. ಗಗನಾ ಬರೆಯಲು ಒಪ್ಪಿದಳು, ಆದರೆ ತನ್ನ ಕಟ್ಟುಪಾಡನ್ನೂ ತಿಳಿಸಿದಳು. ಕಂಡದ್ದನ್ನಷ್ಟೇ ಬರೆಯಬೇಕು, ಹೊಗಳುವಂತಿಲ್ಲ, ಯಾರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವಂತಿಲ್ಲ. ನಾಗಪ್ಪನಿಗೆ ಬೇಕಿದ್ದುದೂ ಅಷ್ಟೇ. ಸಮಾಧಾನದ ಮಾತು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು.

ಒಂದು ಮಧ್ಯಾಹ್ನ ಫೋನು ಓದಿತು: "ಮತದಾನದ ಸಾಲಿನಲ್ಲಿ ವೃದ್ಧ ದಂಪತಿ. ಮಹಿಳೆಯ ಕೂದಲು ಪೂರ್ತಿ ಬಿಳಿ, ಕೆನ್ನೆ ಒಳಕ್ಕೆ ಹೋಗಿದೆ. ಒಂದು ಕೈಯಲ್ಲಿ ಗಂಡನ ತೋಳು ಹಿಡಿದು, ಇನ್ನೊಂದು ಕೈಯಿಂದ ಸೆರಗನ್ನು ಎತ್ತಿ ಅವರ ಮುಖಕ್ಕೆ ಬಿಸಿಲು ಬೀಳದಂತೆ ಮರೆ ಮಾಡಿದ್ದಾರೆ. ಗಂಡನ ಮುಖವನ್ನೇ ನೋಡುತ್ತಿದ್ದಾರೆ."

ನಾಗಪ್ಪ ಅದನ್ನು ಮತ್ತೆ ಮತ್ತೆ ಕೇಳಿದ. ಅವತ್ತು ಮುಖದ ಮೇಲಿನ ಬಿಸಿಲು ತಗ್ಗಿದಾಗ ಮೋಡ ಬಂತೆಂದುಕೊಂಡಿದ್ದ. ಸಾಲು ಸರಿಯುತ್ತಿಲ್ಲವೆಂದು ಅವಳ ಮೇಲೇ ರೇಗಿದ್ದ. ಈಗ ಅವಳಿಗೊಂದು ಮಾತು ಹೇಳಬೇಕೆನಿಸಿತು. ಹೇಳಲು ಅವಳಿರಲಿಲ್ಲ. ಗಗನಾಳಿಗೇ ಫೋನು ಮಾಡಿದ.

"ನಾನು ಎತ್ಲಾಗೆ ನೋಡ್ತಿದ್ದೆ ಅಂತ ಬರ್ದಿಲ್ವಲ್ಲ?"

ಅವಳು ಫೋಟೋ ತೆರೆದು ನೋಡಿದಳು. "ಎದ್ರುಗೆ, ಅಜ್ಜ. ಮುಂದೆ ನಿಂತೋರ ಬೆನ್ನಿನ ಕಡೆ."

"ಅದನ್ನೂ ಬರಿ" ಎಂದ ನಾಗಪ್ಪ. "ಕಣ್ಣಿರ್ಲಿಲ್ಲ ನಿಜ. ಕುತ್ತಿಗೆ ಇತ್ತಲ್ಲ ಮಾರಾಯ್ತಿ, ಒಂದ್ಸಲ ಅವಳ ಕಡೆ ತಿರುಗ್ಬೋದಿತ್ತು."